ನೀರಿಗೆ ಅದ್ದದ ಅಂಗೈ

ಅಯುತ್ಥಯದ ಮೋಟಾರು ಕಾರ್ಖಾನೆಯಲ್ಲಿ ಬುಂಚೂ ಇಪ್ಪತ್ತಾರು ವರ್ಷ ಬಿಸಿ ಮುಟ್ಟಿಯೇ ಅನ್ನ ತಿಂದವನು. ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರಿಗೆ ಒಂದು ಕೆಟ್ಟ ಚಾಳಿಯಿದೆ: ಸುಮ್ಮನೆ ನಿಂತಾಗಲೂ ಬಿಸಿಯೇರುತ್ತದೆ. ನಿಂತ ಜಾಗ ಬಿಡದಂತೆ ಹಿಡಿದುಕೊಳ್ಳಲು ಅದಕ್ಕೆ ಕರೆಂಟು ಹರಿಯುತ್ತಲೇ ಇರಬೇಕು. ಆ ಕರೆಂಟನ್ನು ಎಷ್ಟು ಇಳಿಸಿದರೆ ಮೋಟಾರು ಜಾರದೆಯೂ ಸುಡದೆಯೂ ನಿಲ್ಲುತ್ತದೆ, ಯಾವುದರ ಬೆನ್ನಿಗೆ ಬಿಸಿ ಹೀರುವ ಅಲ್ಯೂಮಿನಿಯಂ ಪಟ್ಟಿ ಹಚ್ಚಬೇಕು ಎಂದು ನೋಡುವುದೇ ಅವನ ಕೆಲಸ. ಮೀಟರುಗಳಿದ್ದವು, ಆದರೂ ಬುಂಚೂ ಮೊದಲು ಅಂಗೈ ಇಡುತ್ತಿದ್ದ. ಅವನು ಅರವತ್ತೆರಡು ಡಿಗ್ರಿ ಅಂದರೆ ಮೀಟರು ಅರವತ್ತೊಂದೋ ಅರವತ್ತಮೂರೋ ತೋರಿಸುತ್ತಿತ್ತು.

ಅವನ ಮೇಜಿನ ಮೇಲೆ ಒಂದು ಬೋಗುಣಿ ನೀರು. ಒಂದು ಮೋಟಾರು ಮುಟ್ಟಿದ ಕೈಯನ್ನು ಅದರಲ್ಲಿ ಅದ್ದಿ, ಒರೆಸಿಕೊಂಡೇ ಇನ್ನೊಂದನ್ನು ಮುಟ್ಟುವುದು.

"ಬುಂಚೂ ಮಾವ, ಮೋಟಾರಿಗೆ ಪೂಜೆ ಮುಗೀತಾ?" ಎಂದು ಜೊತೆಯವರು ಕಿಚಾಯಿಸುತ್ತಿದ್ದರು.

"ನಗ್ರೋ, ನಗ್ರಿ. ಬಿಸಿ ಮುಟ್ಟಿದ ಕೈ ಸುಳ್ಳು ಹೇಳುತ್ತೆ. ಸುಡೋದನ್ನೂ ತಣ್ಣಗಿದೆ ಅನ್ನುತ್ತೆ."

ಹೆಂಡತಿ ಲಮುನ್ ಬೀದಿ ಮೂಲೆಯಲ್ಲಿ ತೆಂಗಿನಹಾಲಿನ ಪಡ್ಡು ಹುಯ್ದು ಮಾರುತ್ತಿದ್ದಳು. ಗಂಡನ ಕೈಯ ವಿಷಯ ಎತ್ತಿದರೆ ಸಾಕು, ಹೊಗಳುವ ಅವಳ ಬಾಯಿಗೆ ಬಿಡುವಿರಲಿಲ್ಲ.

ಮಳೆಗಾಲದ ಒಂದು ಸೋಮವಾರ ಮಧ್ಯಾಹ್ನ ಬುಂಚೂ ಪಾಳಿ ಮುಗಿಸಿ ಬಂದರೆ ಅವಳು ಚಾಪೆಯ ಮೇಲೆ ಮಲಗಿದ್ದಳು. ಮನೆ ಕಾರ್ಖಾನೆಯ ಹಿಂದಿನ ಗೇಟಿಗೆ ಅಂಟಿಕೊಂಡಂತೆಯೇ ಇತ್ತು.

"ಮೈಯೆಲ್ಲ ಒಡೀತಿದೆ, ಕಣ್ಣೊಳಗೆ ನೋವು. ಜ್ವರ ಇದ್ಯಾ ನೋಡು."

ಹೆಗಲ ಚೀಲ ಇಳಿಸುವ ಮೊದಲೇ ಬುಂಚೂ ಹಣೆ ಮುಟ್ಟಿದ. "ಜ್ವರಾನೂ ಇಲ್ಲ, ಗಿರಾನೂ ಇಲ್ಲ. ತಣ್ಣಗಿದೀಯ."

"ಹಾಗಾದ್ರೆ ನಾನೇ ಸೋಮಾರಿ ಆಗಿದೀನಿ," ಎಂದು ನಕ್ಕಳು ಲಮುನ್.

ಮಂಗಳವಾರವೂ ಅದೇ ಹೊತ್ತು, ಅದೇ ಅಂಗೈ, ಅದೇ ಮಾತು. ಬುಧವಾರವೂ. ಬೆಳಿಗ್ಗೆ ಅವನು ಏಳುವ ಮೊದಲೇ ಅವಳು ನರಳುತ್ತ ಗಾಡಿ ತಳ್ಳಿಕೊಂಡು ಹೋಗಿರುತ್ತಿದ್ದಳು. ಪಕ್ಕದ ಮನೆಯ ಸಮ್ರುವೈ ಆಸ್ಪತ್ರೆಗೆ ಹೋಗೆಂದು ಬೈದಳು.

"ಅವನ ಕೈ ಮೀಟರಿಗೇ ಪಾಠ ಹೇಳುತ್ತೆ ಅಕ್ಕಾ," ಅಂದಳು ಲಮುನ್. "ಇಲ್ಲ ಅಂದ್ರೆ ಇಲ್ಲ."

ಗುರುವಾರ ಬೆಳಿಗ್ಗೆ ಹಿಟ್ಟಿನ ಪಾತ್ರೆ ಎತ್ತುವಾಗ ಕುಸಿದು ಬಿದ್ದಳು.

"ಜ್ವರ ಎಷ್ಟು ದಿನದಿಂದ?" ಎಂದಳು ಆಸ್ಪತ್ರೆಯ ನರ್ಸು.

"ಜ್ವರ ಇಲ್ಲಮ್ಮ. ದಿನಾ ನಾನೇ ಮುಟ್ಟಿ ನೋಡಿದೀನಿ."

ನರ್ಸು ಥರ್ಮಾಮೀಟರು ತೋರಿಸಿದಳು. ಮೂವತ್ತೊಂಬತ್ತು ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬುಂಚೂ ಕೈ ಚಾಚಿದ. ಅಂದು ಅವನು ಒಂದು ಮೋಟಾರನ್ನೂ ಮುಟ್ಟಿರಲಿಲ್ಲ. ಹಣೆ ಕೆಂಡದಂತೆ ಸುಟ್ಟಿತು. ಮೇಜಿನ ಮೇಲಿನ ಬೋಗುಣಿ ನೆನಪಾಯಿತು: ಮೂರು ದಿನವೂ ಮೋಟಾರು ಮುಟ್ಟಿದ ಕೈಯನ್ನು ನೀರಿಗೆ ಅದ್ದದೆಯೇ ಅವಳ ಹಣೆ ಮುಟ್ಟಿದ್ದ. ಇಪ್ಪತ್ತಾರು ವರ್ಷ ತಗಡಿನ ಮೋಟಾರಿಗೆ ತೋರಿಸಿದ ಮರ್ಯಾದೆಯನ್ನು ಹೆಂಡತಿಯ ಹಣೆಗೆ ಒಂದು ದಿನವೂ ತೋರಿಸಿರಲಿಲ್ಲ.

"ಈಗ ಇದ್ಯಾ?" ಲಮುನ್ ಕಣ್ಣು ಬಿಟ್ಟು ಕೇಳಿದಳು.

"ಇದೆ ಕಣೇ. ಮೊದ್ಲಿಂದ್ಲೂ ಇತ್ತು."

"ಹಾಗಾದ್ರೆ ನಾನು ಸೋಮಾರಿ ಅಲ್ಲ," ಅಂದಳು. ಅವಳಿಗೆ ನಿಜಕ್ಕೂ ಸಮಾಧಾನವಾದಂತಿತ್ತು. ಅದನ್ನು ಅವನಿಂದ ತಾಳಲಾಗಲಿಲ್ಲ.

ಡೆಂಗಿ. ಶನಿವಾರ ಹೋಗಿಬಿಟ್ಟಳು. ಬೇಗ ಕರೆತಂದಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾಗದು ಅಂದರು ಡಾಕ್ಟರು. ಒಳ್ಳೆಯ ಮನುಷ್ಯ, ಆದರೆ ಆ ಮಾತು ಬುಂಚೂನ ಕಿವಿಗೆ ಬೀಳಲೇ ಇಲ್ಲ.

ದಹನವಾದ ಮರುದಿನ ಬೆಳಿಗ್ಗೆ ಎಲ್ಲರೂ ಬೌದ್ಧ ವಿಹಾರದ ಸ್ಮಶಾನಕ್ಕೆ ಅಸ್ಥಿ ಆಯಲು ಹೋದರು. ಅಸ್ಥಿಗೆ ಚಿಮುಕಿಸಲು ಒಂದು ಬಟ್ಟಲಲ್ಲಿ ಮಲ್ಲಿಗೆ ಹಾಕಿದ ನೀರು ಇಟ್ಟಿದ್ದರು. ಬುಂಚೂ ಅದರೊಳಗೆ ಬಲಗೈ ಅದ್ದಿದ.

"ಭಾವ, ಅದು ಅಕ್ಕನಿಗೆ," ಎಂದಳು ಲಮುನಳ ತಂಗಿ ಮೆಲ್ಲಗೆ.

ಅವನು ಕೈ ತೆಗೆದು ಅಂಗಿಗೆ ಚೆನ್ನಾಗಿ ಒರೆಸಿಕೊಂಡ. ಮಂಡಿಯೂರಿ ಬೂದಿಯ ಮೇಲೆ ಅಂಗೈ ಇಟ್ಟ.

"ಇನ್ನೂ ಬಿಸಿ ಇದೆ," ಅಂದ. ಎಷ್ಟು ಕರೆದರೂ ಅಲ್ಲಿಂದ ಏಳಲಿಲ್ಲ.