ಕುಸುಮಾ ಬದಲಿಸಿದ ಹಗ್ಗ

ಜುಗೂಳದ ಕುಸುಮಾ ಬೆಳಿಗ್ಗೆ ಗಂಡನಿಗೆ ಗಂಜಿ ಕುಡಿಸುವ ಮೊದಲು ಬೆಕ್ಕನ್ನು ಹುಡುಕುತ್ತಿದ್ದರು. 2016ರ ಮಳೆಗಾಲ. ಲಕ್ವಾ ಹೊಡೆದ ಭಾವುಸಾಹೇಬರಿಗೆ ಮಾತು ಹೋಗಿತ್ತು, ಎಡಗೈ ಒಂದೇ ಆಡುತ್ತಿತ್ತು. ಬೆಕ್ಕು ಮಗ್ಗುಲಲ್ಲಿ ಮಲಗಿ, ಆ ಕೈ ಅದರ ಬೆನ್ನು ಸವರತೊಡಗಿದ ಮೇಲೆಯೇ ಅವರು ಬಾಯಿ ತೆರೆಯುತ್ತಿದ್ದರು.

ಆದರೆ ಬೆಕ್ಕು ಎದ್ದೊಡನೆ ಮೈಮುರಿದು ಹಾಸಿಗೆಯ ಅಂಚನ್ನು ಪರಚುತ್ತಿತ್ತು. ಬೆನ್ನಿಗೆ ಹುಣ್ಣಾಗದಿರಲೆಂದು ಮಿರಜದಿಂದ ತಂದ ಗಾಳಿ ಹಾಸಿಗೆ ಆಗಲೇ ತೇಪೆ ಕಂಡಿತ್ತು.

"ಇನ್ನೊಮ್ಮೆ ತೂತ ಬಿತ್ತಂದ್ರ ಅದನ್ನ ಚೀಲದಾಗ ತುಂಬಿ ಬಿಟ್ಟ ಬರ್ತೀನಿ. ಅಪ್ಪನ ಬೆನ್ನ ನೋಡಿಯೇನ ಅವ್ವ?" ಎಂದಿದ್ದ ಮಗ ಸಮ್ಮೇದ.

ಪ್ರಾಣಿಗೆ ಕೈ ಎತ್ತುವ ಮನೆತನವಲ್ಲ ಅವರದು. ಎಮ್ಮೆ ನೋಡಲು ಬಂದ ದನದ ದವಾಖಾನೆಯ ಕಾಂಪೌಂಡರ್ ಸತ್ಯಪ್ಪನನ್ನು ಕುಸುಮಾ ಉಪಾಯ ಕೇಳಿದರು.

"ಅದೇನ ಸಿಟ್ಟಿಗೆ ಮಾಡಂಗಿಲ್ರಿ ವೈನಿ. ಉಗುರಿನ ಹಳೇ ಸಿಪ್ಪಿ ಕಳಕೊಂತೈತಿ, ತನ್ನ ವಾಸನಿ ಹಚ್ಚತೈತಿ. ಮಂಚದ ಮಗ್ಗಲಾಗ ಅಲಗಾಡದಂಗ ಒಂದ ಕಂಬ ನಿಲ್ಲಿಸಿ ಹಗ್ಗ ಸುತ್ರಿ."

"ಬಸದಿ ಮುಂದ ಮಾನಸ್ತಂಭ ಇದ್ದಂಗ! ದಿನಾ ಪೂಜೀನೂ ಮಾಡ್ಲೇನೋ?"

ನಕ್ಕರೂ ಕಂಬ ನಿಲ್ಲಿಸಿದರು. ಬೆಕ್ಕು ಅದಕ್ಕೆ ಹೊಂದಿಕೊಂಡಿತು. ಹಗ್ಗದ ಎಳೆ ಕಿತ್ತು ಬಂದು, ಕೂದಲು ಮೆತ್ತಿ, ಕಂಬ ನೋಡಲು ಅಸಹ್ಯವಾಯಿತು. ಹಾಸಿಗೆ ಮಾತ್ರ ಉಳಿಯಿತು.

ಚಾತುರ್ಮಾಸಕ್ಕೆ ಜೈನ ಮುನಿಗಳು ಊರಲ್ಲಿ ನಿಂತಿದ್ದರು. ಆಹಾರಕ್ಕೆ ತಮ್ಮ ಬಾಗಿಲಿಗೂ ಬಂದಾರೆಂಬ ಆಸೆಯಿಂದ ಕುಸುಮಾ ಇಡೀ ಮನೆ ತೊಳೆದರು. ಹರಕು ಹಗ್ಗ ಬಿಚ್ಚಿ ತಿಪ್ಪೆಗೆ ಎಸೆದು, ಕಂಬವನ್ನು ಸೋಡಾ ಹಾಕಿ ತಿಕ್ಕಿ, ಹೊಸ ಹಗ್ಗ ಬಿಗಿದರು.

ಬೆಕ್ಕು ಹೊಸ ಹಗ್ಗವನ್ನು ಮೂಸಿತು. ತಿರುಗಿ ಹಾಸಿಗೆಗೆ ಉಗುರು ಹಾಕಿತು.

ಗಾಳಿ ಇಳಿದ ಹಾಸಿಗೆಯ ಮೇಲೆ ಭಾವುಸಾಹೇಬರು ಹಲಗೆಗೆ ತಾಗಿ ನರಳಿದರು. ಸಮ್ಮೇದ ಚೀಲ ಹಿಡಿದು ಬಂದಾಗ ಕುಸುಮಾ ತಡೆಯದೆ ಗಂಡನ ಬೆನ್ನಡಿಗೆ ಕೌದಿ ಮಡಿಸಿ ಹಾಕಿದರು. ಅವನು ಬೆಕ್ಕನ್ನು ಬೈಕಿನಲ್ಲಿ ಒಯ್ದು ಅಥಣಿ ದಾರಿಯಲ್ಲೆಲ್ಲೋ ಬಿಟ್ಟು ಬಂದ.

ಮತ್ತೆ ಬಂದ ಸತ್ಯಪ್ಪ ಕಂಬ ನೋಡಿದ. "ಹಳೇ ಹಗ್ಗ ಯಾಕ ತಗದ್ರಿ ವೈನಿ? ಹರದಷ್ಟೂ ಅದಕ್ಕ ಚಲೋ ಅನಸ್ತಿತ್ತು. ಅದರ ವಾಸನಿ ಅದರಾಗ ಇತ್ತು."

ಕುಸುಮಾ ಕೂಡಲೇ ಮಗನ ಹಿಂದೆ ಬೈಕು ಹತ್ತಿ ಹೋಗಿ ಅಥಣಿ ದಾರಿಯ ಕಬ್ಬಿನ ಬದುವಿನುದ್ದಕ್ಕೂ ಕೂಗಿದರು. ಬೆಕ್ಕು ಸಿಗಲಿಲ್ಲ. ಮುನಿಗಳ ಆಹಾರ ಬೇರೆ ಮನೆಯಲ್ಲಾಯಿತು.

ಭಾವುಸಾಹೇಬರ ಎಡಗೈ ಕೆಲ ದಿನ ಹಾಸಿಗೆ ತಡಕಿ, ಆಮೇಲೆ ಸುಮ್ಮನಾಯಿತು. ಚಮಚ ತುಟಿಗೆ ಮುಟ್ಟಿಸಿದರೂ ಅವರು ಬಾಯಿ ತೆರೆಯಲಿಲ್ಲ. ಕೊನೆಗೊಂದು ಸೋಮವಾರ ಮಿರಜದ ಆಸ್ಪತ್ರೆಯಲ್ಲಿ ಗಂಜಿ ಇಳಿಸಲು ಅವರ ಮೂಗಿಗೆ ನಳಿಗೆ ಹಾಕಿದರು.