ಗೋಕಾಕದ ಅಂಗಳದಲ್ಲಿ ನಾನು ನೆಟ್ಟ ಬಳ್ಳಿ

ನನ್ನ ನೆಗೆಣ್ಣಿ, ಅಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ, ನನ್ನ ಹೂವಿನ ಬಳ್ಳಿಗಳನ್ನು ಕಿತ್ತು ತಿಪ್ಪೆಗೆ ಹಾಕಿದ್ದು ನನ್ನ ಅಪ್ಪ ತೀರಿಕೊಂಡ ವಾರದಲ್ಲಿ. ಬೇರೆ ಯಾವ ವಾರದಲ್ಲಿ ಕಿತ್ತಿದ್ದರೂ ನಾನು ಅತ್ತು, ಜಗಳ ಮಾಡಿ, ಮರೆತುಬಿಡುತ್ತಿದ್ದೆನೇನೋ. ಆ ವಾರ ಕಿತ್ತದ್ದನ್ನು ಮಾತ್ರ ಮರೆಯಲಿಲ್ಲ.

ಆಗ ನಾವೆಲ್ಲ ಮೂಡಲಗಿಯಲ್ಲಿ ಒಂದೇ ಮನೆಯಲ್ಲಿದ್ದೆವು. ನೆಗೆಣ್ಣಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ. ಅಡುಗೆಮನೆ ಆಕೆಯದು, ದನದ ಕೊಟ್ಟಿಗೆ ಆಕೆಯದು, ಬೀಗದ ಕೈ ಆಕೆಯದು. ಮದುವೆಯಾಗಿ ಬಂದ ನನಗೆ ನನ್ನದು ಅಂತ ಹೇಳಿಕೊಳ್ಳಲು ಆ ಮನೆಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಮುಂದಿನ ಕಟ್ಟೆಯನ್ನು ನನ್ನದಾಗಿ ಮಾಡಿಕೊಂಡೆ. ಎಣ್ಣೆ ಡಬ್ಬಿಗಳ ತಳಕ್ಕೆ ಕಾಸಿದ ಮೊಳೆಯಿಂದ ತೂತು ಹಾಕಿ ಟೇಬಲ್ ರೋಜ್ ಹಚ್ಚಿದೆ. ಒಡೆದ ಕೊಡಗಳನ್ನು ಪಡಸಾಲೆಯ ತೊಲೆಗೆ ನೇತುಹಾಕಿ ಅದರಲ್ಲಿ ನೇರಳೆ ಬಣ್ಣದ ಪೆಟೂನಿಯಾ ಬೆಳೆಸಿದೆ. ಅವು ಒಂದೆರಡು ತಿಂಗಳಲ್ಲಿ ಅಂಚು ದಾಟಿ ಕೆಳಗೆ ಇಳಿಬಿದ್ದು ಪರದೆಯಂತೆ ತೂಗತೊಡಗಿದವು. ಓಣಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ನಮ್ಮಪ್ಪ ಮಮದಾಪುರದವನು. ಅರ್ಧ ಆಯುಷ್ಯ ಕುರಿಯ ಹಿಂದೆ ತಿರುಗಿ, ಆಮೇಲೆ ಹೊಲ ಹಿಡಿದವನು. ಅವನು ಕೊನೆಯ ಸಲ ನಮ್ಮ ಮನೆಗೆ ಬಂದಾಗ ಹಸಿ ಗೋಣಿಚೀಲದಲ್ಲಿ ಸುತ್ತಿದ ಜಾಜಿ ಸಸಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಅಂಗಳದ ಮೂಲೆಯಲ್ಲಿ ಅಂಚು ಒಡೆದ ಕಲ್ಲಿನ ದೋಣಿಯೊಂದು ಬಿದ್ದಿತ್ತು. ಹಿಂದೆ ದನಗಳಿಗೆ ನೀರಿಡುತ್ತಿದ್ದದ್ದು. ಅಪ್ಪ ಅದಕ್ಕೆ ಮಣ್ಣು, ಕುರಿಗೊಬ್ಬರ ತುಂಬಿ ಜಾಜಿ ನೆಟ್ಟ. ನಾನು ಏರಿಸಲು ಕೋಲು ಹುಡುಕುತ್ತಿದ್ದರೆ ಬೇಡವೆಂದ.

“ಮ್ಯಾಲ ಏರಿಸಬ್ಯಾಡವ್ವಾ. ಕೆಳಗ ಇಳಿಬಿಡು. ಕುಂತಾವ್ರ ಮೂಗಿಗೆ ವಾಸನಿ ಬರಬೇಕು.”

ಅದು ಹಾಗೇ ದೋಣಿಯ ಅಂಚಿನಿಂದ ಇಳಿದು ಕಟ್ಟೆಯ ಮೇಲೆ ಹರಡಿತು. ನಮ್ಮತ್ತೆ ಬೆಳಿಗ್ಗೆ ಎದ್ದರೆ ಮೊದಲು ಅದರ ಪಕ್ಕ ಹೋಗಿ ಕೂರುತ್ತಿದ್ದರು.

ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಉಟ್ಟ ಸೀರೆಯಲ್ಲೇ ಮಮದಾಪುರಕ್ಕೆ ಹೋದೆ. ಕರ್ಮಗಳೆಲ್ಲ ಮುಗಿಸಿ ತಿರುಗಿ ಬಂದು ಬಾಗಿಲ ಬಳಿ ಚೀಲ ಇಟ್ಟಾಗ ಕಟ್ಟೆ ಬೋಳಾಗಿತ್ತು. ಡಬ್ಬಿಗಳಿಲ್ಲ, ಕೊಡಗಳಿಲ್ಲ. ಕಲ್ಲಿನ ದೋಣಿಯಲ್ಲಿ ಎಮ್ಮೆ ನೀರು ಕುಡಿಯುತ್ತಿತ್ತು.

ಒಳಗೆ ಅಕ್ಕ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ತಲೆ ಎತ್ತದೆ ಹೇಳಿದಳು.

“ಹಾವು ಬರಾಕತ್ತಿದ್ದುವು. ಹುಡುಗ್ರು ಆಡೂ ಜಾಗಾ. ಅದಕ್ಕ ಕಿತ್ತ್ ಒಗದ್ನಿ.”

“ಜಾಜಿನೂ ಕಿತ್ತಿರೇನ್ರಿ, ಅಕ್ಕಾ?”

“ಎಲ್ಲಾ ಕಿತ್ತ್ನಿ. ಹಾವಿಗೆ ಅದು ಜಾಜಿ, ಇದು ಮಲ್ಲಿಗಿ ಅಂತ ಗೊತ್ತಾಗತೈತೇನು?”

ಹಿತ್ತಲಿಗೆ ಹೋಗಿ ತಿಪ್ಪೆ ಕೆದಕಿದೆ. ಅಪ್ಪನ ಜಾಜಿಯ ಬುಡ ಒಣಗಿ ಹಳೆಯ ಹಗ್ಗದ ತುಂಡಿನಂತಾಗಿತ್ತು. ಸೆಗಣಿ ಒರೆಸಿ, ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಎಲ್ಲೂ ಹಸಿರಿರಲಿಲ್ಲ. ಅಪ್ಪ ಸತ್ತಾಗ ಸುತ್ತ ಹತ್ತು ಹೆಂಗಸರು ನನ್ನನ್ನು ಹಿಡಿದುಕೊಂಡು ಅತ್ತಿದ್ದರು. ಈ ಸಾವಿಗೆ ನಾನೊಬ್ಬಳೇ ತಿಪ್ಪೆಯ ಪಕ್ಕ ಕೂತು ಅತ್ತೆ.

ಆ ದಿನ ಸಂಜೆ ಯಜಮಾನರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಜಗಳಕ್ಕೆ ಹೆದರುವವರು.

“ಹೂವಿನ ಸಲುವಾಗಿ ಮನಿ ಒಡಿಯೂದು ಬ್ಯಾಡ,” ಎಂದರು. “ವೈನಿ ಸ್ವಭಾವ ನಿನಗ ಗೊತ್ತೈತಿ. ಬಿಟ್ಟಬಿಡು.”

ಮನೆ ಒಡೆಯಲಿಲ್ಲ. ಸಿಟ್ಟು ಬಿಡಲೂ ಇಲ್ಲ. ಆಕೆ ಹೇಳಿದ ಕೆಲಸ ಮಾಡಿದೆ, ಆಕೆಗೆ ಜ್ವರ ಬಂದಾಗ ಗಂಜಿ ಕೊಟ್ಟೆ, ಹಬ್ಬಕ್ಕೆ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಒಳಗೊಳಗೇ ಆ ಒಣಗಿದ ಬುಡವನ್ನು ದಿನವೂ ಕೈಯಲ್ಲಿ ಹಿಡಿದು ನೋಡುತ್ತಿದ್ದೆ.

ಮುಂದೆ ಯಜಮಾನರಿಗೆ ಹುಕ್ಕೇರಿಗೆ ವರ್ಗವಾಯಿತು. ಬಾಡಿಗೆ ಮನೆ ಸಣ್ಣದು, ಆದರೆ ಮುಂದೆ ಗೋಡೆಯುದ್ದಕ್ಕೂ ಒಂದು ಮೊಳ ಅಗಲದ ಮಣ್ಣಿನ ಪಟ್ಟಿ, ಮೇಲೆ ಗಿಡ್ಡ ಅಂಚುಗೋಡೆಯ ಮಾಳಿಗೆ. ಅಲ್ಲಿ ನಾನು ಸೇಡಿನಿಂದಲೇ ಗಿಡ ಹಚ್ಚಿದೆ ಎಂದರೆ ತಪ್ಪಿಲ್ಲ. ಒಂದೊಂದು ಕುಂಡ ಇಡುವಾಗಲೂ ಆಕೆ ನೋಡಬೇಕು, ಆಕೆ ನೋಡಿ ಉರಿಯಬೇಕು ಎಂದುಕೊಳ್ಳುತ್ತಿದ್ದೆ. ಮಮದಾಪುರಕ್ಕೆ ಹೋದಾಗಲೆಲ್ಲ ನನ್ನ ಅಣ್ಣನಿಂದ ಕುರಿಗೊಬ್ಬರ ಕಟ್ಟಿಸಿಕೊಂಡು ಬರುತ್ತಿದ್ದೆ. ಎಳೆ ತುದಿಗಳನ್ನು ಬಿಡದೆ ಚಿವುಟುತ್ತಿದ್ದೆ, ಚಿವುಟಿದಷ್ಟೂ ಕವಲೊಡೆದು ತುಂಬಿಕೊಳ್ಳುತ್ತವೆ. ಮಾಳಿಗೆಯ ಅಂಚಿನಿಂದ ಪೆಟೂನಿಯಾ, ನೇರಳೆ ಲಂಟಾನ ಇಳಿದು ಕಿಟಕಿಯವರೆಗೆ ಬಂದವು. ಕೆಳಗಿನ ಪಟ್ಟಿಯಲ್ಲಿ ಟೇಬಲ್ ರೋಜ್ ರಸ್ತೆಯ ಕಡೆ ಹೊರಳಿತು.

ಆ ಓಣಿಯ ಒಬ್ಬರು ಟೀಚರು ನನಗೆ ಇನ್ನೊಂದು ಬಳ್ಳಿ ಕೊಟ್ಟರು. ನರ್ಸರಿಯವರು ಅದನ್ನು ವೆಡೇಲಿಯಾ ಎನ್ನುತ್ತಾರೆ. ಮಿರಮಿರ ಹೊಳೆಯುವ ಎಲೆ, ಗೇಣಿಗೊಂದು ಪುಟ್ಟ ಸೂರ್ಯಕಾಂತಿಯಂಥ ಹಳದಿ ಹೂವು. ನೋಡಲು ಬಹಳ ಚೆಂದ. ಮಣ್ಣಿನ ಪಟ್ಟಿಯಲ್ಲಿ ಹಚ್ಚಿದೆ. ಒಂದು ಮಳೆಗಾಲದಲ್ಲಿ ಅದು ನನ್ನ ಟೇಬಲ್ ರೋಜನ್ನೆಲ್ಲ ನುಂಗಿಬಿಟ್ಟಿತು. ಅದರ ಗಿಣ್ಣು ನೆಲ ಮುಟ್ಟಿದಲ್ಲೆಲ್ಲ ಬೇರು ಬಿಡುತ್ತದೆ. ಕಿತ್ತರೆ ತುಂಡಾಗುತ್ತದೆ, ತುಂಡಾದದ್ದು ಮತ್ತೆ ಚಿಗುರುತ್ತದೆ. ಹೆಣಗಿ ಹೆಣಗಿ ಕೊನೆಗೆ ಕಡು ಬೇಸಿಗೆಯಲ್ಲಿ ಬುಡಮಟ್ಟ ಕೊಯ್ದು, ಮೇಲೆ ಕರಿ ತಾಡಪತ್ರಿ ಹಾಸಿ, ಕಲ್ಲು ಹೇರಿ, ಮಳೆ ಬರುವತನಕ ತೆಗೆಯದೆ ಇಟ್ಟೆ. ಉಸಿರುಗಟ್ಟಿ ಬೆಂದುಹೋಯಿತು. ಒಂದು ತುಂಡನ್ನು ಮಾತ್ರ ಸಿಮೆಂಟ್ ಕುಂಡದಲ್ಲಿ ಹಚ್ಚಿ, ಕುಂಡವನ್ನು ಕಲ್ಲುಚಪ್ಪಡಿಯ ಮೇಲೆ ಇಟ್ಟೆ. ನೆಲ ಮುಟ್ಟದ ಹಾಗೆ ಕತ್ತರಿಸುತ್ತಿದ್ದರೆ ಅದು ಸಾಧು. ಇಳಿಬಿದ್ದು ಹೂ ಬಿಡುತ್ತಾ ಸುಮ್ಮನಿರುತ್ತದೆ.

ಅಷ್ಟರಲ್ಲಿ ಭಾವನವರು, ಅಂದರೆ ಅಕ್ಕನ ಯಜಮಾನರು, ಗೋಕಾಕದಲ್ಲಿ ಹೊಸ ಮನೆ ಕಟ್ಟಿಸಿದರು. ಪಕ್ಕದ ಹತ್ತರಗಿಯಲ್ಲಿ ಯಾರದೋ ಮದುವೆಗೆ ಬಂದಿದ್ದ ಅಕ್ಕ, ಮೊದಲ ಸಲ ನಮ್ಮ ಹುಕ್ಕೇರಿ ಮನೆಗೆ ಬಂದಳು. ಗೇಟಿನಲ್ಲಿ ನಿಂತವಳು ಒಳಗೆ ಬರುವುದನ್ನೇ ಮರೆತಳು. ನಾನು ಬಾಗಿಲಲ್ಲಿ ನಿಂತು ಆಕೆಯ ಮುಖವನ್ನೇ ನೋಡಿದೆ. ಇಷ್ಟು ವರ್ಷ ಕಾದದ್ದು ಆ ಮುಖಕ್ಕಾಗಿ.

ಚಹಾ ಕುಡಿಯುತ್ತಾ ಆಕೆಯೇ ಮಾತು ತೆಗೆದಳು. “ವಾಸ್ತುಶಾಂತಿ ಮಳಿಗಾಲ ಮುಗಿಯೂದ್ರಾಗ ಐತಿ. ಕಂಪೌಂಡ್ ಬಾಜೂಕ ಬರೇ ಮಣ್ಣ ಐತಿ ನೋಡು. ನಿನ್ನ ಕೈ ಗುಣಾ ಚಲೋ ಐತಿ. ಇದ ಹಳದಿ ಹೂವಿಂದು ನಂಗೂ ಒಂದೀಟು ಕೊಡವ್ವಾ.”

ಆಕೆ ಬೆರಳು ಮಾಡಿದ್ದು ಸಿಮೆಂಟ್ ಕುಂಡದ ಕಡೆಗೆ. ನಾನು ತೋರಿಸಿರಲಿಲ್ಲ, ಹೊಗಳಿರಲಿಲ್ಲ.

“ಕೊಡೂದ್ಯಾಕ್ರಿ ಅಕ್ಕಾ, ನಾನ ಬಂದು ಹಚ್ಚಿ ಕೊಡ್ತೇನಿ,” ಎಂದೆ.

ಮೊದಲ ಮಳೆ ಬಿದ್ದ ಮೇಲೆ ಒಂದು ಚೀಲ ತುಂಬ ಬಳ್ಳಿ ಕತ್ತರಿಸಿಕೊಂಡು ಗೋಕಾಕದ ಬಸ್ಸು ಹತ್ತಿದೆ. ಅಂಗಳದಲ್ಲಿ ಆಕೆ ಬೆಳಗಾವಿಯಿಂದ ತರಿಸಿದ ಗುಲಾಬಿಗಳಿದ್ದವು. ಪಕ್ಕದಲ್ಲಿ ಮೆಂತ್ಯ, ಕೊತ್ತಂಬರಿ ಮಡಿ, ಕರಿಬೇವಿನ ಸಸಿ. ಒಂದು ಮಾತು ಕೇಳಲೇಬೇಕು ಎನಿಸಿತು, ಕೇಳಿದೆ.

“ಕುಂಡದಾಗ ಹಚ್ಚಲ್ಯೋ, ನೆಲದಾಗ ಹಚ್ಚಲ್ಯೋ?”

“ನೆಲದಾಗ ಹಚ್ಚು. ಡಬ್ಬಿ, ಕುಂಡ ಇಟ್ರ ಬಡವರ ಮನಿ ಕಂಡಂಗ ಕಾಣತೈತಿ.”

ಅಷ್ಟು ಸಾಕಾಗಿತ್ತು. ಕಂಪೌಂಡಿನುದ್ದಕ್ಕೂ ಗೇಣಿಗೊಂದರಂತೆ ನೆಟ್ಟೆ. ಗುಲಾಬಿಗಳ ನಡುವೆ ಇನ್ನೂ ಒತ್ತಾಗಿ ನೆಟ್ಟೆ. ಮಣ್ಣು ಒತ್ತುವಾಗ ಪ್ರತಿ ಸಲವೂ ಮನಸ್ಸಿನಲ್ಲಿ ಅಪ್ಪನನ್ನು ಕರೆದೆ.

ವಾಸ್ತುಶಾಂತಿಯ ದಿನ ಅಂಗಳ ಹಳದಿ ಪತ್ತಲ ಉಟ್ಟಂತೆ ಕಂಡಿತು. ಬಂದವರೆಲ್ಲ ಹೊಗಳಿದರು. “ನಾನ ಹಚ್ಚೀನ್ರಿ,” ಎಂದು ಅಕ್ಕ ಎಲ್ಲರಿಗೂ ಹೇಳುತ್ತಿದ್ದಳು. ನಾನು ಪಂಕ್ತಿಗೆ ಹೋಳಿಗೆ ಬಡಿಸುತ್ತಾ ಕೇಳಿಸಿಕೊಂಡೆ. ನನಗೆ ಸಿಟ್ಟು ಬರಲಿಲ್ಲ. ಆಕೆಯದೇ ಅಂತ ಆಗಲಿ, ಪೂರ್ತಿ ಆಕೆಯದೇ ಆಗಲಿ ಎಂದುಕೊಂಡೆ.

ಮುಂದಿನ ವರ್ಷದ ಮಳೆಗೆ ಅಕ್ಕನ ಫೋನು ಬರಲು ಶುರುವಾಯಿತು. ಮೊದಲು ಮೆಂತ್ಯದ ಮಡಿ ಹೋಯಿತು. ಆಮೇಲೆ ಗುಲಾಬಿಗಳು ಒಂದೊಂದಾಗಿ ಸೊರಗಿದವು. ಬಳ್ಳಿ ನಳದ ಪೈಪಿನ ಸುತ್ತ ಸೇರಿ, ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ನುಗ್ಗಿ, ಮೆಟ್ಟಿಲ ಸಂದಿಗೆ ಬಂತು.

“ಏನ್ ಹಚ್ಚಿ ಹೋಗಿಯವ್ವಾ ಇದನ್ನ? ಕಿತ್ತಷ್ಟೂ ಬರಾಕತ್ತೈತಿ!”

“ಕೀಳ್ರಿ ಅಕ್ಕಾ,” ಎಂದೆ. “ನಿಮಗ ಕೀಳೂದು ರೂಢಿ ಐತಲ್ಲ.”

ಆ ಕಡೆಯಿಂದ ಫೋನು ಕಟ್ಟಾಯಿತು. ನಾನು ಆ ದಿನ ಶೇಂಗಾ ಹೋಳಿಗೆ ಮಾಡಿದೆ. ಏನು ವಿಶೇಷ ಎಂದು ಯಜಮಾನರು ಕೇಳಿದರು, ಏನಿಲ್ಲ ಎಂದೆ.

ದೀಪಾವಳಿಗೆ ಗೋಕಾಕಕ್ಕೆ ಹೋಗಲೇಬೇಕಾಯಿತು. ಅಕ್ಕ ಕುಡುಗೋಲು ಹಿಡಿದು ಕಂಪೌಂಡಿನ ಮೂಲೆಯಲ್ಲಿ ಕೂತಿದ್ದಳು. ಅಂಗೈ ಬೊಬ್ಬೆ ಎದ್ದಿತ್ತು. ಅತ್ತೆ ಹೊರಗೆ ಮಂಚದ ಮೇಲೆ ಕೂತು ನೋಡುತ್ತಿದ್ದರು. ನನ್ನನ್ನು ಕಂಡದ್ದೇ ಅಕ್ಕ ಎದ್ದು ನಿಂತಳು.

“ನೀ ಬೇಕಂತ ಮಾಡಿದಿ.”

“ಹೌದ್ರಿ.”

ಆಕೆ ಇಲ್ಲವೆಂಬ ಉತ್ತರಕ್ಕೆ ತಯಾರಾಗಿದ್ದಳು ಎಂದು ಕಾಣುತ್ತದೆ.

“ಏನದು? ಏನ್ ಮಾತದು?” ಅತ್ತೆ ಕೇಳಿದರು.

“ಅಕ್ಕನ್ನ ಕೇಳ್ರಿ,” ಎಂದೆ. “ಮೂಡಲಗ್ಯಾಗ ಹಾವು ಬಂದಿತ್ತೋ ಇಲ್ಲೋ, ಹೇಳಲಿ.”

ಅಕ್ಕ ಕುಡುಗೋಲನ್ನು ನೆಲಕ್ಕೆ ಎಸೆದಳು. “ಬಂದಿದ್ದಿಲ್ಲ. ಯಾ ಹಾವೂ ಬಂದಿದ್ದಿಲ್ಲ. ಇಡೀ ಓಣಿ ಇಕಿ ಹೂವ, ಇಕಿ ಹೂವ ಅಂತಿತ್ತು. ಅತ್ತಿ, ನೀವೂ ಎದ್ದಕೂಡ್ಲೇ ಆ ದೋಣಿ ಕಡೆ ಹೋಗಾವ್ರು. ಆ ಮನ್ಯಾಗ ನಾ ಎಷ್ಟ್ ರೊಟ್ಟಿ ಬಡದೇನಿ! ಒಂದ ದಿನಾ ಯಾರರೆ ಚಲೋ ಅಂದೀರೇನು?”

“ಅದಕ್ಕ ನಮ್ಮಪ್ಪ ಸತ್ತ ವಾರ ಬೇಕಾಗಿತ್ತೇನ್ರಿ?”

ಆಕೆ ನನ್ನ ಕಣ್ಣು ತಪ್ಪಿಸಿದಳು. ದನಿ ಸಣ್ಣದಾಯಿತು. “ನೀ ಮನ್ಯಾಗ ಇದ್ದಾಗ ಕೀಳಾಕ ಧೈರ್ಯಾ ಇರಲಿಲ್ಲ.”

ಆಕೆ ಹೇಳಿದ್ದು ನಿಜವೆಂದು ನನಗೆ ತಿಳಿಯಿತು. ರೊಟ್ಟಿಯ ಮಾತೂ ನಿಜ. ಆದರೂ ಒಳಗೆ ಕರಗುವಂಥದ್ದೇನೂ ಆಗಲಿಲ್ಲ. ಬಾಯಿಬಿಟ್ಟು ಹೇಳಿದಳಲ್ಲ, ಅತ್ತೆಯ ಮುಂದೆ ಹೇಳಿದಳಲ್ಲ ಎಂಬ ತೃಪ್ತಿ ಮಾತ್ರ, ಹಸಿದವರಿಗೆ ಊಟ ಸಿಕ್ಕ ಹಾಗೆ, ನಿಧಾನವಾಗಿ ಹೊಟ್ಟೆಗಿಳಿಯಿತು.

ಅತ್ತೆ ನನ್ನನ್ನು ಹತ್ತಿರ ಕರೆದರು. “ಇದು ಹೆಂಗ ಸಾಯತೈತಿ ಅಂತ ನಿನಗ ಗೊತ್ತೈತಿ. ನಿನ್ನ ಮನ್ಯಾಗ ಹರಡಿಲ್ಲ. ಅಕಿಗೆ ಹೇಳು, ತಂಗಿ. ಆದದ್ದು ಆತು.”

“ಈಗ ಹೇಳಿದ್ರ ಉಪಯೋಗಿಲ್ರಿ, ಅತ್ತಿ,” ಎಂದೆ. ಅದು ಸುಳ್ಳಲ್ಲ. “ಬ್ಯಾಸಗ್ಯಾಗ ಮಾಡೂ ಕೆಲಸಾ ಅದು. ಬ್ಯಾಸಗಿ ಬರಲಿ, ನೋಡೂನು.”

ಬೇಸಿಗೆ ಬಂತು. ಹುಕ್ಕೇರಿಯಲ್ಲಿ ನೆಲ ಕಾದು ಬಿರುಕು ಬಿಟ್ಟಿತು. ತಾಡಪತ್ರಿ ಹಾಸಲು ಅದಕ್ಕಿಂತ ಒಳ್ಳೆಯ ಬಿಸಿಲು ಸಿಗುವುದಿಲ್ಲ. ಯಜಮಾನರು ಒಂದೆರಡು ಸಲ ನೆನಪಿಸಿದರು. ನಾನು ಹ್ಞೂಂ ಎಂದೆ. ಅಕ್ಕನೂ ಒಮ್ಮೆ ಫೋನು ಮಾಡಿ ಅದೂ ಇದೂ ಮಾತಾಡಿ, ಕೇಳಲಾರದೆ ಇಟ್ಟಳು. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ.

ಮೊನ್ನೆ ಸಂಜೆ ಕುಂಡಗಳಿಗೆ ನೀರು ಹಾಕುತ್ತಿದ್ದಾಗ ಯಜಮಾನರು ಫೋನು ಹಿಡಿದುಕೊಂಡು ಹೊರಗೆ ಬಂದರು. ಗೋಕಾಕದ ಕಡೆ ಮೊದಲ ಮಳೆ ಜೋರಾಗಿ ಬಿದ್ದಿದೆಯಂತೆ, ಅಂಗಳದಲ್ಲಿ ನೀರು ನಿಂತಿದೆಯಂತೆ.

“ಚಲೋ ಆತು,” ಎಂದೆ. ಮನಸಾರೆ ಎಂದೆ.