ಮುಚ್ಚಿದ ಗೋರಿಯ ಮೇಲೆ ಇನ್ನೊಂದು ಪ್ರಾರ್ಥನೆ

ಸುರೇಬಾನದ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ, ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಒಂದು ಪುಟ್ಟ ಚರ್ಚನ್ನು ನಡೆಸಿದಳು. ‘ನಡೆಸಿದಳು’ ಎಂದು ಬರೆದರೆ ಸಭೆಯ ಹಿರಿಯರಿಗೆ ಸಿಟ್ಟು ಬರುತ್ತದೆ. ಅವರ ಪ್ರಕಾರ ಆಕೆ ‘ನೋಡಿಕೊಳ್ಳುತ್ತಿದ್ದಳು’, ಅಷ್ಟೆ. ಪಾಸ್ಟರು ರಾಮದುರ್ಗದಿಂದ ತಿಂಗಳಿಗೊಂದು ಭಾನುವಾರ ಬರುತ್ತಿದ್ದರು. ಉಳಿದ ಭಾನುವಾರಗಳಲ್ಲಿ ಗಂಟೆ ಬಾರಿಸಿ, ಬೈಬಲ್ ಓದಿ, ಪ್ರಸಂಗ ಮಾಡುತ್ತಿದ್ದವಳು ಚಿಗವ್ವ. ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸುತ್ತಿದ್ದವಳೂ ಅವಳೇ. ಆ ಮಳೆಗಾಲದವರೆಗೆ ಯಾರೂ ಬೇಡವೆಂದಿರಲಿಲ್ಲ.

ಆ ವರ್ಷ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟು ರಾಮದುರ್ಗದ ಕಡೆಯ ಸೇತುವೆ ಮುಳುಗಿತ್ತು. ನಾನು ಯರಗಟ್ಟಿಯಲ್ಲಿ ಶಿಕ್ಷಕಿ. ಎರಡು ದಿನದ ರಜೆಗೆ ಬಂದವಳು ಅಲ್ಲೇ ಸಿಕ್ಕಿಕೊಂಡಿದ್ದೆ. ಚರ್ಚಿಗೆ ಬರುತ್ತಿದ್ದ, ಗೋಡೆ ಕಟ್ಟುವ ಕೆಲಸದ ಒಬ್ಬ ಗೌಂಡಿ, ಮೂರು ತಿಂಗಳು ಹಾಸಿಗೆ ಹಿಡಿದಿದ್ದವನು ತೀರಿಕೊಂಡ. ಪಾಸ್ಟರಿಗೆ ಫೋನ್ ಮಾಡಿದೆವು. ನೀರು ಇಳಿದ ಮೇಲೆ ಬರುತ್ತೇನೆ ಎಂದರು. ಮರುದಿನವೂ ಇಳಿಯಲಿಲ್ಲ. ಹೆಣವನ್ನು ಇನ್ನು ಇಟ್ಟುಕೊಳ್ಳುವಂತಿರಲಿಲ್ಲ.

ಗೌಂಡಿಯ ಹೆಂಡತಿ ಬಂದು ಚಿಗವ್ವನ ಎದುರು ಕುಳಿತಳು. ‘ಅಕ್ಕಾರ, ನೀವ ಮಾಡ್ರಿ. ಜಡ್ಡಾದಾಗ ದಿನಾ ಬಂದು ಪ್ರಾರ್ಥನಾ ಮಾಡಿದವರು ನೀವ.’

ಚಿಗವ್ವ ಬಿಳಿ ಸೀರೆ ಉಟ್ಟು, ಕೆಸರಿನಲ್ಲಿ ನಿಂತು ಸಂಸ್ಕಾರ ನಡೆಸಿದಳು. ಪುಸ್ತಕ ನೆನೆಯದಿರಲೆಂದು ನಾನು ಅದರ ಮೇಲೆ ಕೊಡೆ ಹಿಡಿದಿದ್ದೆ. ಆಕೆ ಪೂರ್ತಿ ನೆಂದಿದ್ದಳು.

ನೀರು ಇಳಿದ ಮೇಲೆ ಪಾಸ್ಟರು ಇಬ್ಬರು ಹಿರಿಯರೊಂದಿಗೆ ಗೌಂಡಿಯ ಮನೆಗೆ ಬಂದರು. ಸಮಾಧಾನ ಹೇಳಲು ಬಂದಿದ್ದಾರೆ ಎಂದುಕೊಂಡೆವು.

‘ಹೆಣ್ಣಮಗಳು ಮಾಡಿದ್ದು ಸಂಸ್ಕಾರ ಆಗಂಗಿಲ್ಲ. ಇನ್ನೊಮ್ಮಿ ಮಾಡಬೇಕಾಗತೈತಿ’ ಎಂದರು ಒಬ್ಬ ಹಿರಿಯರು.

ಮುಚ್ಚಿದ ಗೋರಿಯ ಮೇಲೆ ಇನ್ನೊಮ್ಮೆ!

ಗೌಂಡಿಯ ಹೆಂಡತಿ ಹೊಸ್ತಿಲು ಬಿಟ್ಟು ಏಳಲಿಲ್ಲ. ‘ನನ್ನ ಗಂಡನ್ನ ಒಮ್ಮಿ ಮಣ್ಣ ಮಾಡೇವ್ರಿ. ನೀವು ಬೇಕಾದ್ರ ಹೋಗ್ರಿ, ನಾ ಬರಂಗಿಲ್ಲ’ ಎಂದಳು.

ಆ ಮೂವರೇ ಹೋಗಿ ಓದಿ ಬಂದರು. ಬಂದವರಿಗೆ ಚಿಗವ್ವ ಚಹಾ ಮಾಡಿಕೊಟ್ಟಳು. ನನಗೆ ಅವರ ಮೇಲೆ ಬಂದ ಸಿಟ್ಟಿನಲ್ಲಿ ಸ್ವಲ್ಪ ಆಕೆಯ ಮೇಲೂ ಬಂತು.

ಮುಂದಿನ ವಾರ ರಾಮದುರ್ಗದಲ್ಲಿ ಕಮಿಟಿಯವರು ಕರೆಸಿದರು. ಒಂಬತ್ತು ಜನ, ಎಲ್ಲರೂ ಗಂಡಸರು. ಚಿಗವ್ವನ ಜೊತೆ ನಾನೂ ಹೋಗಿದ್ದೆ. ಚಿಗವ್ವ ತಪ್ಪೊಪ್ಪಿಗೆ ಬರೆದುಕೊಡಬೇಕೆಂದರು. ನನ್ನ ಅಕ್ಷರ ದುಂಡಗಿದೆಯೆಂದು ಅದನ್ನು ಬರೆಯಲು ನನ್ನ ಕೈಗೇ ಹಾಳೆ ಕೊಟ್ಟರು.

‘ಎರಡು ದಿನ ಆ ಗೌಂಡಿ ಹೆಂಡ್ತಿ ಹೆಣದ ಮುಂದ ಕುಂತಾಗ ನೀವು ಯಾರಿದ್ರಿ ಅಲ್ಲಿ?’ ಎಂದು ಕೇಳಿದೆ.

‘ಟೀಚರ್, ಇದು ನಿಮ್ಮ ಸಾಲಿ ಅಲ್ಲ. ಶಾಸ್ತ್ರದಾಗ ಇದ್ದಂಗ ನಡೀಬೇಕು’ ಎಂದರು ಒಬ್ಬರು, ಗಡಿಯಾರ ನೋಡುತ್ತ. ನಾನು ಪೆನ್ನು ಕೆಳಗಿಟ್ಟೆ.

ಚಿಗವ್ವ ನನ್ನ ಕಡೆ ತಿರುಗಿದಳು. ‘ಬರಿಯವ್ವಾ. ನಾ ಮಾಡೇನಿ ಅಂತ ಬರಿ. ತಪ್ಪ ಅಂತ ಬರೀಬ್ಯಾಡ.’

ಹಾಗೆಯೇ ಬರೆದೆ. ಆಕೆ ಸಹಿ ಮಾಡಿದಳು. ಅವರು ಓದಿ, ಮಡಿಚಿ, ಇನ್ನು ಮುಂದೆ ಪ್ರಸಂಗಕ್ಕೆ ನಿಲ್ಲಬಾರದೆಂದು ಹೇಳಿ ಚರ್ಚಿನ ಬೀಗದ ಕೈ ಕೇಳಿದರು. ಸೊಂಟದಿಂದ ಬಿಚ್ಚಿ ಮೇಜಿನ ಮೇಲೆ ಇಟ್ಟಳು.

ಈಗ ಆ ಚರ್ಚು ತಿಂಗಳಿಗೊಮ್ಮೆ ತೆರೆಯುತ್ತದೆ. ಉಳಿದ ಭಾನುವಾರಗಳಲ್ಲಿ ಜನ ಗೌಂಡಿಯ ಮನೆಯ ಪಡಸಾಲೆಯಲ್ಲಿ ಸೇರುತ್ತಾರೆ, ಚಿಗವ್ವ ಓದುತ್ತಾಳೆ. ‘ಒಳ್ಳೇದ ಆತಲ್ಲ, ದೇವರು ಎಲ್ಲಾ ಕಡೆ ಅದಾನ’ ಎನ್ನುತ್ತಾನೆ ಸವದತ್ತಿಯಲ್ಲಿರುವ ನನ್ನ ಅಣ್ಣ. ನನಗೆ ಒಪ್ಪಿಗೆಯಿಲ್ಲ. ದೇವರು ಪಡಸಾಲೆಗೂ ಬರಬಹುದು. ಆದರೆ ತಾನೇ ಕಲ್ಲು ಹೊತ್ತು ಕಟ್ಟಿದ ಚರ್ಚಿನ ಹೊರಗೆ ನನ್ನ ಚಿಗವ್ವ ಯಾಕೆ ಕೂರಬೇಕು?

ಬರುವ ತಿಂಗಳು ಬೈಲಹೊಂಗಲದಲ್ಲಿ ಸುತ್ತಲಿನ ಎಲ್ಲ ಸಭೆಗಳ ಕೂಟವಿದೆ. ಈ ವಿಷಯ ಮಾತಾಡಲು ಹತ್ತು ನಿಮಿಷ ಕೊಡಿ ಎಂದು ಎರಡು ಸಲ ಬರೆದೆ. ಮೊನ್ನೆ ಕಾಗದ ಬಂತು. ಭಾಷಣದವರ ಪಟ್ಟಿಯಲ್ಲಿ ನಾನಿಲ್ಲ. ಅಡುಗೆ ಕಮಿಟಿಯಲ್ಲಿ ನನ್ನ ಹೆಸರು ಮೊದಲಿಗೇ ಇದೆ.